ಕತ್ತರಿಗೆ ಯಾವುದು, ಕಡತಕ್ಕೆ ಯಾವುದು: ಹಳೆಯ ಕಾಗದಗಳ ಕರಕುಶಲಕ್ಕೊಂದು ಹೋಲಿಕೆ

ಅಟ್ಟದ ಮೇಲಿನ ಟ್ರಂಕು ತೆರೆದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ಕಂಬಿಗೆ ಪೋಣಿಸಿಟ್ಟ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳು, ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು, ನಾಲ್ಕಾರು ವರ್ಷದ ಪಂಚಾಂಗ, ದೇವರ ಪಟದ ಕ್ಯಾಲೆಂಡರು, ಲೆಕ್ಕದ ಪುಸ್ತಕ, ಅಂಗಡಿ ರಸೀದಿ. ಅದೃಷ್ಟವಿದ್ದರೆ ಯಾರೋ ಚಿಕ್ಕಂದಿನಲ್ಲಿ ಕೂಡಿಟ್ಟ ಬೆಂಕಿಪೊಟ್ಟಣದ ಚೀಟಿಗಳೂ ಇರುತ್ತವೆ. ಕೊಲಾಜ್ (ತುಂಡು ಕಾಗದ ಅಂಟಿಸಿ ಮಾಡಿದ ಚಿತ್ರ), ಜಂಕ್ ಜರ್ನಲ್ (ಹಳೆಯ ಕಾಗದ ಸೇರಿಸಿ ಕಟ್ಟಿದ ನೆನಪಿನ ಪುಸ್ತಕ), ಡೆಕೂಪಾಜ್ ತಟ್ಟೆ (ಕಾಗದ ಅಂಟಿಸಿ ಮೇಲೆ ವಾರ್ನಿಷ್ ಬಳಿದದ್ದು), ಶುಭಾಶಯ ಪತ್ರ, ಎಲ್ಲಕ್ಕೂ ಇವು ಒದಗುತ್ತವೆ. ಆದರೆ ಎಲ್ಲ ಕಾಗದವೂ ಎಲ್ಲದಕ್ಕೂ ಒದಗುವುದಿಲ್ಲ. ಕತ್ತರಿ ಕೈಗೆತ್ತಿಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ. ಇದರ ಇನ್ನೊಂದು ಪ್ರತಿ ಬೇರೆಲ್ಲಾದರೂ ಇರುವ ಸಂಭವ ಇದೆಯೇ? ನೀರು ತಾಗಿದರೆ ಇದು ಉಳಿಯುತ್ತದೆಯೇ?

ಮೊದಲನೆಯದಕ್ಕೆ ಸರಳ ಸೂತ್ರವಿದೆ. ಕೈಬರಹ ಇದ್ದದ್ದೆಲ್ಲ ಒಂದೇ ಪ್ರತಿ. ಅಚ್ಚಾದದ್ದು ಹಲವು ಪ್ರತಿ, ಆದರೆ ಹಳೆಯದಾದಷ್ಟೂ ಉಳಿದಿರುವುದು ಕಡಿಮೆ. ಆದ್ದರಿಂದ ವಯಸ್ಸು ಅಂದಾಜು ಮಾಡಲು ಬರಬೇಕು.

ವಯಸ್ಸು ಹೇಳುವ ಗುರುತುಗಳು

ಅಂಚೆ ಮುದ್ರೆ ಸ್ಪಷ್ಟವಾಗಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಬೆಲೆ ನೋಡಿ. ಆಣೆ, ಕಾಸುಗಳಲ್ಲಿ ಬೆಲೆ ಇದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗೆ ಹಿಂದಿನದು, ಹೆಚ್ಚೆಂದರೆ ಅದರ ಆಸುಪಾಸಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್ 1ರ ಹಿಂದಿನದು. ಸರ್ಕಾರಿ ಕಚೇರಿಗಳು ಮಾತ್ರ ಹಳೆಯ ಫಾರಂ ಮುಗಿಯುವ ತನಕ ‘ಮೈಸೂರು’ ಎಂಬುದನ್ನು ಹೊಡೆದುಹಾಕಿ ಬಳಸಿರಬಹುದು, ಅಲ್ಲಿ ದಿನಾಂಕವನ್ನೇ ನಂಬಿ. ಕಾರ್ಡು ನಮ್ಮಲ್ಲಿ ಬಂದದ್ದು 1879ರಲ್ಲಿ, ಕಾಲಾಣೆಗೆ. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ. ಮೈಸೂರು ಸಂಸ್ಥಾನದ ಸ್ವಂತ ‘ಅಂಚೆ’ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಅದಕ್ಕೂ ಹಿಂದಿನ ಲಕೋಟೆಯೊಂದು ಸಿಕ್ಕರೆ ಕರಕುಶಲದ ಮಾತನ್ನೇ ಬಿಟ್ಟು, ಅಂಚೆಚೀಟಿ ಸಂಗ್ರಾಹಕರ ಸಂಘದವರಿಗೆ ಮೊದಲು ತೋರಿಸಿ.

ಅಂಗಡಿಯಲ್ಲಿ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದೆಂದು ಮಾರುವ ಕಾಗದ ಬೇಕಾದಷ್ಟಿದೆ. ನಿಜವಾಗಿ ಹಳತಾದ ಕಾಗದ ಅಂಚಿನಲ್ಲಿ ಹೆಚ್ಚು ಕಂದು, ಮಡಿಕೆಯ ಒಳಗೆ ಕಡಿಮೆ ಕಂದು. ಟೀಯಲ್ಲಿ ಅದ್ದಿದ್ದು ಎಲ್ಲೆಡೆ ಒಂದೇ ಸಮ, ಮಡಿಕೆಯ ಗೆರೆಯಲ್ಲಿ ಇನ್ನೂ ಗಾಢ. ಖೋಟಾ ನೋಟು ನೋಡುವ ಯು.ವಿ. ಟಾರ್ಚ್ ಹಾಯಿಸಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ಬೆರೆಸಿದ್ದಾರೆ. ಆ ರಾಸಾಯನಿಕ ಬಳಕೆಗೆ ಬಂದದ್ದೇ 1950ರ ಸುಮಾರಿಗೆ, ಹಾಗಾಗಿ ‘1930ರ ಲೇಬಲ್’ ಹೊಳೆಯಬಾರದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಹಳೆಯ ಕಲ್ಲಚ್ಚಿನ ಬಣ್ಣ ಒತ್ತೊತ್ತಾಗಿ, ಅಡ್ಡಾದಿಡ್ಡಿ ಚುಕ್ಕಿಗಳಾಗಿ ಕಾಣುತ್ತದೆ. ಈಚಿನ ಮರುಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲುಸಾಲಾಗಿ ಹೂವಿನಂತೆ ಕೂತಿರುತ್ತವೆ.

ಕಾಗದಗಳನ್ನು ಒಂದೊಂದಾಗಿ ನೋಡಿದರೆ

ಬೆಂಕಿಪೊಟ್ಟಣದ ಚೀಟಿಯಷ್ಟು ಕರಕುಶಲಕ್ಕೆ ಒಗ್ಗುವ ಕಾಗದ ಇನ್ನೊಂದಿಲ್ಲ. ಚಿಕ್ಕದು, ಗಟ್ಟಿ ಬಣ್ಣ, ಒಂದೇ ನಮೂನೆಯ ಹತ್ತಾರು ಪ್ರತಿ ಸಿಗುತ್ತದೆ. ಶಿವಕಾಶಿಯಲ್ಲಿ ಕೈಗೆಲಸದ ಬೆಂಕಿಕಡ್ಡಿ ಉದ್ಯಮ ಬೇರೂರಿದ್ದೂ, ಸ್ವೀಡನ್ನಿನವರ ವಿಮ್ಕೊ ಕಂಪನಿ ಇಲ್ಲಿ ಶುರುವಾದದ್ದೂ 1923ರ ಹೊತ್ತಿಗೆ. ಅಲ್ಲಿಂದ ಹುಲಿ, ಗಿಣಿ, ಕೀಲಿಕೈ, ನವಿಲು ಎಂದು ಸಾವಿರಾರು ನಮೂನೆ ಬಂದವು. ಇಲ್ಲಿ ಮುಖ್ಯವಾಗಿ ಎರಡು ಬಗೆ. ತೆಳುಮರದ ಪೊಟ್ಟಣಕ್ಕೆ ಅಂಟಿಸಿದ ಕಾಗದದ ಚೀಟಿ ಒಂದು. ನೇರವಾಗಿ ರಟ್ಟಿನ ಮೇಲೇ ಅಚ್ಚಾದ ಪೊಟ್ಟಣ ಇನ್ನೊಂದು. ಮರದ ಪೊಟ್ಟಣವನ್ನು ಉಗುರುಬೆಚ್ಚನೆಯ ನೀರಿನಲ್ಲಿ 15ರಿಂದ 30 ನಿಮಿಷ ಬಿಟ್ಟರೆ ಗಂಜಿ ಅಂಟು ಸಡಿಲಾಗಿ ಚೀಟಿ ತಾನಾಗಿ ತೇಲುತ್ತದೆ. ಎಳೆಯಬೇಡಿ, ಕಾಯಿರಿ. ತೆಗೆದು ಮುಖ ಕೆಳಗಾಗಿ ಹೀರುಕಾಗದದ ಮೇಲೆ ಹಾಸಿ, ಮೇಲೊಂದು ಹೀರುಕಾಗದ, ಅದರ ಮೇಲೆ ದಪ್ಪ ಪುಸ್ತಕ, ಒಂದು ರಾತ್ರಿ. ರಟ್ಟಿನ ಪೊಟ್ಟಣವನ್ನು ಹೀಗೆ ನೆನೆಸಿದರೆ ಪದರ ಬಿಚ್ಚಿ ಕೆಡುತ್ತದೆ. ಅದರ ಅಂಟಿನ ಜೋಡಣೆಯನ್ನು ತೆಳು ಚಾಕುವಿನಲ್ಲಿ ಬಿಡಿಸಿ, ಚಪ್ಪಟೆ ಮಾಡಿ ಇಡುವುದೇ ಸರಿ. ಚಿನ್ನದ ಬಣ್ಣದ ಪುಡಿ ಹಾಕಿ ಅಚ್ಚು ಮಾಡಿದ ಚೀಟಿಗಳನ್ನು ನೀರಿಗಿಳಿಸಿದರೆ ಚಿನ್ನವೆಲ್ಲ ನೀರುಪಾಲು. ಬೀಡಿ ಕಟ್ಟಿನ ಸುತ್ತುಕಾಗದ, ಅಗರಬತ್ತಿ ಲೇಬಲ್, ನಶ್ಯದ ಡಬ್ಬಿಯ ಚೀಟಿಗಳಿಗೂ ಇದೇ ಮಾತು ಅನ್ವಯ. ಕತ್ತರಿಗೆ ಮೊದಲು ಒಡ್ಡಬೇಕಾದವು ಇವೇ, ಅದೂ ಎರಡನೆಯ ಪ್ರತಿಯನ್ನು.

ಕಾರ್ಡಿನ ವಿಷಯ ಬೇರೆ. ದಪ್ಪ ಕಾಗದ, ಮಡಿಕೆಯಿಲ್ಲ, 14 ಸೆಂ.ಮೀ. ಉದ್ದ 9 ಸೆಂ.ಮೀ. ಅಗಲ. ಜರ್ನಲ್‌ನ ಪುಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕಾರ್ಡಿನ ಬೆಲೆ ಇರುವುದು ಬರಹದಲ್ಲಿ. ಮಗು ಹುಟ್ಟಿದ್ದು, ಮಳೆ ಬಂದದ್ದು, ಅಡಿಕೆ ದರ, ಹೆಣ್ಣು ನೋಡಲು ಬರುವ ದಿನ, ಎಲ್ಲವೂ ಆ ಅಂಗೈಯಗಲದಲ್ಲಿ. ಶುಭ ಸುದ್ದಿಯ ಕಾರ್ಡಿನ ಮೂಲೆಗಳಿಗೆ ಅರಿಸಿನ ಹಚ್ಚುತ್ತಿದ್ದರು, ಸಾವಿನ ಸುದ್ದಿಯದನ್ನು ಓದಿದೊಡನೆ ಹರಿದು ಹಾಕುತ್ತಿದ್ದರು. ಹಾಗಾಗಿ ಎರಡನೆಯ ಬಗೆಯದು ಟ್ರಂಕಿನಲ್ಲಿ ಉಳಿದಿರುವುದೇ ಅಪರೂಪ. ಬರೆದ ಕಾರ್ಡನ್ನು ಕತ್ತರಿಸದೆ ಇಡಿಯಾಗಿ ಜೇಬಿನಲ್ಲಿಟ್ಟಂತೆ ಪುಟದೊಳಗೆ ಸಿಕ್ಕಿಸಿ, ಅಥವಾ ನಕಲು ಬಳಸಿ. ಅಂಚೆಚೀಟಿಗಾಗಿ ಲಕೋಟೆಯ ಮೂಲೆ ಕತ್ತರಿಸುವ ಚಟವನ್ನಂತೂ ಬಿಟ್ಟೇಬಿಡಿ. ಮುದ್ರೆ ಬಿದ್ದ ಚೀಟಿ ಲಕೋಟೆಯ ಮೇಲಿದ್ದಾಗಲೇ ಊರು, ದಿನ, ದರ ಮೂರನ್ನೂ ಹೇಳುತ್ತದೆ.

ಇನ್‌ಲ್ಯಾಂಡ್ ಲೆಟರ್ ತೆಳು. ಒಂದು ಬದಿಯ ಬರಹ ಇನ್ನೊಂದು ಬದಿಗೆ ಕಾಣುತ್ತದೆ, ಅಂಟು ತಾಗಿದರೆ ಇನ್ನೂ ಹೆಚ್ಚು. ಅಂಚಿನ ಗೋಂದು ಮಳೆಗಾಲದ ತೇವಕ್ಕೆ ಮತ್ತೆ ಜೀವ ಪಡೆದು ಪಕ್ಕದ ಪತ್ರಕ್ಕೆ ಅಂಟಿಕೊಳ್ಳುತ್ತದೆ, ಆದ್ದರಿಂದ ನಡುನಡುವೆ ಬಟರ್ ಪೇಪರ್ ಬೇಕು. ಟೆಲಿಗ್ರಾಂ ಸಿಕ್ಕರೆ ಅದರ ಮೇಲಿನ ಅಕ್ಷರಗಳು ಬೇರೆ ಪಟ್ಟಿಯಲ್ಲಿ ಅಚ್ಚಾಗಿ ಅಂಟಿಸಿದವೇ ನೋಡಿ, ಹಳೆಯ ಅಂಟು ಒಣಗಿ ಪಟ್ಟಿ ಉದುರುತ್ತದೆ. 2013ರ ಜುಲೈಗೆ ಟೆಲಿಗ್ರಾಂ ಸೇವೆಯೇ ನಿಂತಿತು, ಇನ್ನು ಹೊಸದು ಹುಟ್ಟುವುದಿಲ್ಲ.

ಲಗ್ನಪತ್ರಿಕೆ ನೋಡಲು ಚೆಂದ, ಕೆಲಸಕ್ಕೆ ತಂಟೆ. ಅರಿಸಿನ ಬೆಳಕಿಗೆ ಮಾಸುತ್ತದೆ, ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಕುಂಕುಮ ಮಾಡುವುದೂ ಇದೇ ಗುಣದಿಂದ ತಾನೆ. ಈಗಿನ ಕುಂಕುಮದಲ್ಲಿರುವ ಕೃತಕ ಬಣ್ಣವಂತೂ ಒದ್ದೆ ಅಂಟಿಗೆ ಗುಲಾಬಿಯಾಗಿ ಹರಿದು ಇಡೀ ಪುಟ ಹಾಳು ಮಾಡುತ್ತದೆ. ಒಣ ಮೆತ್ತನೆಯ ಕುಂಚದಿಂದ ಪುಡಿ ಝಾಡಿಸಿ, ಆ ಮೂಲೆಗೆ ಅಂಟು ಹಚ್ಚದೆ ಬಿಡಿ. ಒಂದೇ ಮದುವೆಯ ಹತ್ತು ಪತ್ರಿಕೆ ಮಿಕ್ಕಿರುವುದುಂಟು. ಒಂದನ್ನು ಎತ್ತಿಟ್ಟು ಉಳಿದುದನ್ನು ಧಾರಾಳವಾಗಿ ಬಳಸಬಹುದು.

ಕ್ಯಾಲೆಂಡರು ನುಣುಪು ಲೇಪದ ಕಾಗದ. ತೇವ ತಾಗಿ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವ ಉಪಾಯವಿಲ್ಲ, ಮೇಲಿನ ಪದರವೇ ಕಿತ್ತು ಬರುತ್ತದೆ. ಮೇಲಿನ ತಗಡಿನ ಪಟ್ಟಿಯನ್ನು ಮೊದಲು ಕತ್ತರಿಸಿ ತೆಗೆಯಿರಿ, ತುಕ್ಕು ಕಾಗದಕ್ಕಿಳಿಯುತ್ತದೆ. ರವಿವರ್ಮ ಪ್ರೆಸ್ಸಿನ ಚಿತ್ರಪಟ ಸಿಕ್ಕರೆ ಮಾತ್ರ ಕೈ ತಡೆಯಿರಿ. 1894ರಲ್ಲಿ ಶುರುವಾದ ಆ ಪ್ರೆಸ್ಸಿನ ಪಟಗಳ ಮೇಲೆ ಆಗಿನವರೇ ಜರಿ, ಬಟ್ಟೆ, ಚಮಕಿ ಅಂಟಿಸಿ ಸೀರೆ ಉಡಿಸುತ್ತಿದ್ದರು. ಅಚ್ಚಿನ ಕಾಗದದ ಮೇಲೆ ಕೈಗೆಲಸ ನಮಗೆ ಹೊಸದೇನೂ ಅಲ್ಲ.

ಪಂಚಾಂಗ ಅಗ್ಗದ ಕಾಗದ, ತುಂಬ ಪ್ರತಿ, ಒತ್ತಾದ ಕೋಷ್ಟಕ. ಹಿನ್ನೆಲೆ ತುಂಬಲು ಇದಕ್ಕಿಂತ ಒಳ್ಳೆಯದು ಸಿಗದು. ಆದರೆ ಮರದ ತಿರುಳಿನ ಈ ಕಾಗದ ಆಮ್ಲ ಬಿಡುತ್ತದೆ, ಪಕ್ಕದ ಬಿಳಿ ಹಾಳೆಗೂ ಕಂದು ಹಿಡಿಸುತ್ತದೆ. ಮೂಲೆಯೊಂದನ್ನು ಹಿಂದಕ್ಕೂ ಮುಂದಕ್ಕೂ ಮಡಿಚಿ ನೋಡಿ. ಎರಡು ಮೂರು ಮಡಿಕೆಗೇ ಮುರಿದರೆ ಅದು ಒದ್ದೆ ಅಂಟಿನ ಕೆಲಸಕ್ಕೆ ಬಾರದು, ನಕಲು ಮಾಡಿ. ಹಳೆಯ ದಿನಪತ್ರಿಕೆಗೂ, ನಾಟಕ ಕಂಪನಿಗಳ ಗುಲಾಬಿ, ಹಳದಿ ಹ್ಯಾಂಡ್‌ಬಿಲ್‌ಗಳಿಗೂ ಇದೇ ಪರೀಕ್ಷೆ. ಹ್ಯಾಂಡ್‌ಬಿಲ್‌ನ ಬಣ್ಣ ನೀರಿಗೂ ಬಿಸಿಲಿಗೂ ತಡೆಯದು. ಅದು ಹಂಚಿ ಎಸೆಯಲೆಂದೇ ಅಚ್ಚಾದದ್ದು, ಆದ್ದರಿಂದಲೇ ಉಳಿದದ್ದು ದುರ್ಲಭ. ಅದನ್ನು ಕತ್ತರಿಸುವವರನ್ನು ರಂಗಭೂಮಿಯ ಇತಿಹಾಸ ಬರೆಯುವವರು ಕ್ಷಮಿಸಲಾರರು.

ಹಳೆಯ ರೈಲಿನ ರಟ್ಟಿನ ಟಿಕೆಟ್ಟು ಸುಮಾರು 57 ಮಿ.ಮೀ. ಉದ್ದ, 31 ಮಿ.ಮೀ. ಅಗಲ, ಗಟ್ಟಿ. ಅಂಚು ಮಡಿಸುವ ತಾಪತ್ರಯವಿಲ್ಲ. ಈಗಿನ ಬಸ್ ಟಿಕೆಟ್, ಎ.ಟಿ.ಎಂ. ಚೀಟಿ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ. ಕೆಲವು ತಿಂಗಳಲ್ಲೇ ಅಕ್ಷರ ಮಾಯ, ಇಸ್ತ್ರಿ ತಾಗಿದರೆ ಇಡೀ ಚೀಟಿ ಕಪ್ಪು. ನೆನಪಿಗೆ ಬೇಕಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ.

ಇನ್ನು ಮುಟ್ಟಲೇಬಾರದವು. ಛಾಪಾ ಕಾಗದದ ಮೇಲಿನ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳು ಎಷ್ಟೇ ಹಳತಾದರೂ ಜಮೀನಿನ ಹಕ್ಕಿಗೆ ಸಾಕ್ಷಿಯಾಗಬಲ್ಲವು. ಬರೆಯದೆ ಉಳಿದ ಛಾಪಾ ಕಾಗದವನ್ನು ಪರವಾನಗಿ ಇಲ್ಲದವರು ಮಾರುವಂತಿಲ್ಲ, ಕೊಳ್ಳಲು ಹೋಗಬೇಡಿ. ಮನೆಯಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದು ಕಡತ. ಹುಣಸೆಬೀಜದ ಸರಿಗೆ, ಅಂದರೆ ಬೇಯಿಸಿದ ಅಂಟಿಗೆ, ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದದ್ದು. ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೂ ಹೋಯಿತು. ರಾಜ್ಯ ಪತ್ರಾಗಾರಕ್ಕೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ತೋರಿಸುವುದು ಒಳ್ಳೆಯದು.

ಶಾಯಿಯ ಪರೀಕ್ಷೆ

ಹತ್ತಿ ಸುತ್ತಿದ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕಾಣದ ಮೂಲೆಯ ಒಂದು ಅಕ್ಷರದ ಮೇಲೆ ಹತ್ತು ಸೆಕೆಂಡು ಒತ್ತಿ. ಉಜ್ಜಬಾರದು. ಹತ್ತಿಗೆ ಬಣ್ಣ ಬಂದರೆ ಆ ಕಾಗದಕ್ಕೆ ಒದ್ದೆ ಅಂಟು ನಿಷಿದ್ಧ. ಫೌಂಟನ್ ಪೆನ್ನಿನ ನೀಲಿ ಶಾಯಿ, ರಬ್ಬರ್ ಮೊಹರು, ಎರಡೂ ಸಾಮಾನ್ಯವಾಗಿ ಸೋಲುತ್ತವೆ. ಮೋಸ ಮಾಡುವುದು ಕಾಪಿಯಿಂಗ್ ಪೆನ್ಸಿಲ್. ಲೆಕ್ಕದ ಪುಸ್ತಕದಲ್ಲಿ ಬರಿಯ ಬೂದು ಸೀಸದಂತೆ ಕಾಣುತ್ತದೆ, ನೀರು ತಾಗಿದ ಕ್ಷಣ ಗಾಢ ನೇರಳೆಯಾಗಿ ಹರಡುತ್ತದೆ, ಮತ್ತೆ ಹೋಗುವುದಿಲ್ಲ. ಬಾಲ್‌ಪೆನ್ ನೀರಿಗೆ ಜಗ್ಗದು, ಸ್ಪ್ರೇ ವಾರ್ನಿಷ್‌ಗೆ ಕರಗುತ್ತದೆ. ಅಚ್ಚಿನ ಶಾಯಿ ಎಣ್ಣೆಯದು, ಎರಡಕ್ಕೂ ಬಹುಮಟ್ಟಿಗೆ ತಡೆಯುತ್ತದೆ.

ಅಸಲೋ ನಕಲೋ

ಡೆಕೂಪಾಜ್ ಮಾಡಿ ವಾರ್ನಿಷ್ ಬಳಿಯುವ ಕೆಲಸವಾದರೆ ನಮ್ಮ ಓಟು ನಕಲಿಗೇ. ಮೂರು ಪದರ ವಾರ್ನಿಷ್‌ನ ಕೆಳಗೆ ಅಸಲಿಗೂ ನಕಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಸಲು ಮಾತ್ರ ಶಾಶ್ವತವಾಗಿ ಹೋಗಿರುತ್ತದೆ. ಮುಟ್ಟಿ ನೋಡುವ ಜರ್ನಲ್‌ಗೆ, ಚೌಕಟ್ಟಿನ ಕೊಲಾಜ್‌ಗೆ ಅಸಲಿನ ಮೈ, ಮಡಿಕೆ, ವಾಸನೆಗೆ ಬೆಲೆಯಿದೆ. ಅಲ್ಲಿ ಎರಡನೆಯ ಪ್ರತಿಗಳನ್ನು ಬಳಸಿ.

ಸ್ಕ್ಯಾನ್ ಮಾಡುವಾಗ ಕಾರ್ಡಿನಂಥವಕ್ಕೆ 300 ಡಿ.ಪಿ.ಐ. (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು. ಬೆಂಕಿಪೊಟ್ಟಣದ ಚೀಟಿಯನ್ನು ಹಿಗ್ಗಿಸುವುದಿದ್ದರೆ 600 ಬೇಕು. ತೆಳು ಕಾಗದದ ಹಿಂದೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಬರಹ ಇಣುಕುವುದಿಲ್ಲ. ಮುದ್ರಣಕ್ಕೆ ಲೇಸರ್ ಪ್ರಿಂಟ್ ಕೇಳಿ, 80ರಿಂದ 100 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಹಾಳೆಯಲ್ಲಿ. ಅದರ ಪುಡಿ ಬಿಸಿಗೆ ಕರಗಿ ಕೂತಿರುವುದರಿಂದ ಅಂಟಿಗೆ ಹರಿಯದು. ಮನೆಯ ಇಂಕ್‌ಜೆಟ್ ಪ್ರಿಂಟರಿನ ಸಾಮಾನ್ಯ ಶಾಯಿ ಹರಿಯುತ್ತದೆ. ಅದೇ ಇರುವುದಾದರೆ ಒಂದು ದಿನ ಒಣಗಲು ಬಿಟ್ಟು, ಅಕ್ರಿಲಿಕ್ ಸ್ಪ್ರೇಯನ್ನು ಒಂದಡಿ ದೂರದಿಂದ ಎರಡು ತೆಳು ಪದರ ಹೊಡೆದು, ಆಮೇಲೆ ಅಂಟಿಸಿ. ಮಾರಲು ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು. ಚಿತ್ರ ಹಳೆಯದಾದರೂ ಅದರ ಮೇಲಿನ ವ್ಯಾಪಾರಮುದ್ರೆ ಇಂದಿಗೂ ಬಳಕೆಯಲ್ಲಿರಬಹುದು. ಬೇರೆಯವರ ಪತ್ರದ ಹೆಸರು, ವಿಳಾಸಗಳನ್ನೂ ಮುಚ್ಚುವುದು ಮರ್ಯಾದೆ.

ಅಂಟು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಫೆವಿಕಾಲ್ ಬಲವಾದದ್ದು, ಬೇಗ ಹಿಡಿಯುತ್ತದೆ. ಆದರೆ ಒಮ್ಮೆ ಒಣಗಿದರೆ ಬಿಡಿಸಲಾಗದು. ಮರದ ತಟ್ಟೆ, ಡಬ್ಬಿಗೆ ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ, ನಕಲಿನ ಕಾಗದಕ್ಕೆ ಮಾತ್ರ ಬಳಸಿ. ಬಾಟಲಿಯ ಗೋಂದು ಒಣಗಿ ಗಾಜಿನಂತೆ ಸೀಳುತ್ತದೆ, ಹಳದಿಯಾಗುತ್ತದೆ. ಸೆಲೋಟೇಪು ಎಲ್ಲಕ್ಕಿಂತ ಕೇಡು. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ, ಕಂದು ಜಿಡ್ಡು ಕಾಗದದೊಳಗೆ ಉಳಿಯುತ್ತದೆ.

ಅಸಲು ಕಾಗದಕ್ಕೆ ಬೇಕಾದ್ದು ನೀರು ಮುಟ್ಟಿಸಿದರೆ ಮತ್ತೆ ಬಿಡುವ ಅಂಟು. ಮೈದಾ ಹಿಟ್ಟಿನ ಅಂಟು ಎಲ್ಲರಿಗೂ ಗೊತ್ತು, ಒಂದು ಅಳತೆ ಹಿಟ್ಟಿಗೆ ಐದು ಅಳತೆ ನೀರು. ಆದರೆ ಹಿಟ್ಟಿನ ಜಿಗುಟು ಪ್ರೋಟೀನು ಹುಳುಗಳಿಗೆ ಹಬ್ಬ. ಅದಕ್ಕೆಂದು ಪೋಸ್ಟರ್ ಅಂಟಿಸುವವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಹಸಿರುನೀಲಿ ಕಲೆ ಬಿಡುತ್ತದೆ, ತಾಮ್ರದ ಅಂಶ ಕಾಗದವನ್ನೇ ಬೇಗ ಕೆಡಿಸುತ್ತದೆ. ಅದರ ಬದಲು ಹಲ್ವಾಕ್ಕೆ ಗೋಧಿಹಾಲು ತೆಗೆಯುವಂತೆ ಮಾಡಿ. ಮೈದಾ ಕಲಸಿ ಉಂಡೆ ಮಾಡಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಜಿಗುಟು ಕೈಯಲ್ಲಿ ಉಳಿಯುತ್ತದೆ, ಪಿಷ್ಟ ನೀರಿಗಿಳಿಯುತ್ತದೆ. ರಾತ್ರಿ ತಂಗಲು ಬಿಟ್ಟು ಮೇಲಿನ ನೀರು ಚೆಲ್ಲಿ. ತಳದ ಪಿಷ್ಟ ಒಂದು ಅಳತೆಗೆ ನಾಲ್ಕು ಅಳತೆ ನೀರು ಸೇರಿಸಿ, ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕೈಬಿಡದೆ ತಿರುವಿ. ಹಾಲಿನ ಬಣ್ಣ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಇಷ್ಟು ತಾಳ್ಮೆ ಇಲ್ಲದವರಿಗೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಿ.ಎಂ.ಸಿ. (ಸೆಲ್ಯುಲೋಸ್‌ನಿಂದ ಮಾಡಿದ ಅಂಟು) ಪುಡಿ ಇದೆ. 100 ಮಿ.ಲೀ. ನೀರಿಗೆ 3 ಗ್ರಾಂ, ಮೇಲಿಂದ ಉದುರಿಸುತ್ತ ಕಲಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಗಂಟಿಲ್ಲದ ಲೋಳೆ. ಕಾಗದದ ಮೇಲೆ ಕಾಗದಕ್ಕೆ ಸಾಕಷ್ಟು ಹಿಡಿಯುತ್ತದೆ, ಕಲೆ ಬಿಡುವುದಿಲ್ಲ. ದಪ್ಪ ರಟ್ಟಿಗೆ, ಟಿಕೆಟ್ಟಿಗೆ ಸಾಲದು, ಅದಕ್ಕೆ ಪಿಷ್ಟದ ಅಂಟೇ ಆಗಬೇಕು. ಶಾಯಿ ಪರೀಕ್ಷೆಯಲ್ಲಿ ಸೋತವನ್ನು ಅಂಟಿಸುವ ಗೋಜೇ ಬೇಡ, ಫೋಟೋ ಮೂಲೆಗಳಲ್ಲಿ ಸಿಕ್ಕಿಸಿ.

ಸುಕ್ಕು ಏಕೆ ಬರುತ್ತದೆ? ಕಾಗದ ಒದ್ದೆಯಾದಾಗ ನಾರಿನ ಅಡ್ಡ ದಿಕ್ಕಿಗೆ ಹಿಗ್ಗುತ್ತದೆ. ಅಂಟು ಹಚ್ಚಿದ ತಕ್ಷಣ ಕೂರಿಸಿದರೆ ಕೂತ ಮೇಲೆ ಹಿಗ್ಗಿ ಗುಳ್ಳೆ ಏಳುತ್ತದೆ. ಅಂಟು ಹಚ್ಚಿ ಸುಮಾರು ಒಂದು ನಿಮಿಷ ಕಾದು, ಹಿಗ್ಗುವುದು ಮುಗಿದ ಮೇಲೆ ಕೂರಿಸಿ, ನಡುವಿನಿಂದ ಅಂಚಿಗೆ ಬಟರ್ ಪೇಪರ್ ಮೇಲಿಂದ ಸವರಿ. ತೆಳು ಹಾಳೆಯ ಮೇಲೆ ಅಂಟಿಸಿದ್ದು ಒಣಗುವಾಗ ಒಂದು ಕಡೆ ಬಾಗಿದರೆ, ಹಿಂಬದಿಗೂ ಅದೇ ದಪ್ಪದ ಕಾಗದವೊಂದನ್ನು ಅಂಟಿಸಿದರೆ ಎಳೆತ ಸಮವಾಗುತ್ತದೆ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ತಟ್ಟೆಗೆ ಮೊದಲು ಬಿಳಿ ಬಣ್ಣ ಬಳಿಯಿರಿ. ಇಲ್ಲದಿದ್ದರೆ ತೆಳು ಕಾಗದ ಅಂಟಿಗೆ ಪಾರದರ್ಶಕವಾಗಿ ಕೆಳಗಿನ ಕಂದು ಬಣ್ಣ ಮೇಲೆ ಬರುತ್ತದೆ. ವಾರ್ನಿಷ್ ನೀರಿನ ಆಧಾರದ್ದಿರಲಿ, ಎಣ್ಣೆಯದು ಹಳದಿಯಾಗುತ್ತದೆ. ಅಂಟು ಪೂರ್ತಿ ಒಣಗದೆ ವಾರ್ನಿಷ್ ಹಾಕಿದರೆ ತೇವ ಸಿಕ್ಕಿಕೊಂಡು ಮೋಡದಂಥ ಬಿಳಿ ಮಚ್ಚೆ ಉಳಿಯುತ್ತದೆ, 24 ಗಂಟೆ ಕಾಯುವುದು ಕ್ಷೇಮ. ಚೌಕಟ್ಟಿಗಾದರೆ ಕಾಗದ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಕಿಟಕಿ ಬೇಕು.

ಉಳಿದದ್ದನ್ನು ಇಡುವ ಬಗೆ

ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಪಿ.ವಿ.ಸಿ.ಯದು. ಅದು ಅಚ್ಚಿನ ಬಣ್ಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ವಾಸಿ. ಲ್ಯಾಮಿನೇಷನ್ ಬೇಡವೇ ಬೇಡ, ಬಿಸಿ ಅಂಟು ಕಾಗದದೊಳಕ್ಕೆ ಇಳಿದ ಮೇಲೆ ಹಿಂದಿರುಗಲು ದಾರಿಯಿಲ್ಲ. ಗುಂಡುಪಿನ್ನು, ಸ್ಟೇಪಲ್ ತೆಗೆದುಬಿಡಿ. ತುಕ್ಕು ಹಿಡಿದದ್ದನ್ನು ಎಳೆಯದೆ ಹಿಂಬದಿಯಿಂದ ಕಾಲು ಬಿಡಿಸಿ.

ಬೆಳ್ಳಿಹುಳ ಕಂಡರೆ ಕಾಗದಗಳನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ತೆರೆಯದೆ ಒಂದು ದಿನ ಬಿಡಬೇಕು, ಇಲ್ಲವಾದರೆ ತಣ್ಣನೆಯ ಕಾಗದದ ಮೇಲೆ ನೀರು ಹನಿಗಟ್ಟುತ್ತದೆ. ಬೇವಿನೆಲೆ, ಬಜೆ ಇಡುವ ಪದ್ಧತಿ ಒಳ್ಳೆಯದೇ. ಎಲೆ ಗರಿಗರಿ ಒಣಗಿರಬೇಕು, ಬಟ್ಟೆಯಲ್ಲಿ ಕಟ್ಟಿರಬೇಕು. ಹಸಿ ಎಲೆ ಕಾಗದಕ್ಕೆ ತಾಗಿದರೆ ಕಲೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸ ಕೆಲಸಕ್ಕೆ ಕೈ ಹಾಕದಿರುವುದು ಮೇಲು. ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ.

ಮನೆಯಲ್ಲಿ ಸಿಗದವರು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿ, ಮುಂಬೈಯ ಚೋರ್ ಬಜಾರ್, ಊರಿನ ಗುಜರಿ ಅಂಗಡಿಗಳನ್ನು ನೋಡಬಹುದು. ಗುಜರಿಯಲ್ಲಿ ತೂಕದ ಲೆಕ್ಕ, ಸಂಗ್ರಾಹಕರಲ್ಲಿ ಚೀಟಿಯ ಲೆಕ್ಕ. ಕತ್ತರಿಸಲು ಬೇಕಿದ್ದರೆ ಗುಜರಿಯೇ ಸರಿ. ಹೊರದೇಶದಲ್ಲಿರುವ ನೆಂಟರಿಗೆ ಕಳಿಸುವುದಾದರೆ ದಿನಾಂಕ ನೋಡಿ. ಐತಿಹಾಸಿಕ ಇಲ್ಲವೇ ಸಾಹಿತ್ಯಿಕ ಮಹತ್ವವುಳ್ಳ ಹಸ್ತಪ್ರತಿ, ದಾಖಲೆಗಳು 75 ವರ್ಷ ದಾಟಿದರೆ 1972ರ ಕಾಯಿದೆಯ ಪ್ರಕಾರ ಪುರಾವಸ್ತು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಜ್ಜನ ಕೈಬರಹದ ಕಾಗದ ಬೇಕೆನ್ನುವ ಮೊಮ್ಮಗಳಿಗೆ ಸ್ಕ್ಯಾನ್ ಕಳಿಸಿ, ಬೆಂಕಿಪೊಟ್ಟಣದ ಈಚಿನ ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸಿ.